‘ನಂಬರ್ ಬೇಡ ಸಾರ್, ಹ್ಯಾಶ್ ಮಾಡಿ ಕೊಡಿ ಸಾಕು’ ಅಂದವರಿಗೆ ಫೈಲ್ ಕೊಡಬೇಡಿ

ಒಬ್ಬರೇ ಕೂತು ಸಾಫ್ಟ್‌ವೇರ್ ಕಟ್ಟುತ್ತಾ ಕೋಡು, ಆದಾಯ, ಗ್ರಾಹಕರ ಲೆಕ್ಕ ಎಲ್ಲವನ್ನೂ ಬಹಿರಂಗವಾಗಿ ಹಾಕುತ್ತಿರುವವರು ದಯವಿಟ್ಟು ಇದನ್ನ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ. ಆದರೂ ಬರೀತಿದ್ದೀನಿ.

ನನ್ನದು ಪಿಜಿ ನಡೆಸುವವರಿಗೆ ಬಾಡಿಗೆ ಲೆಕ್ಕದ ಸಾಫ್ಟ್‌ವೇರ್. ಬೆಡ್ ಲೆಕ್ಕ, ಅಡ್ವಾನ್ಸ್, ಕರೆಂಟ್ ಬಿಲ್ ಹಂಚೋದು, ತಿಂಗಳ ಮೊದಲ ವಾರ ವಾಟ್ಸಾಪ್‌ನಲ್ಲಿ ಯುಪಿಐ ಲಿಂಕ್. ಕೋಡ್ ಎಲ್ಲರಿಗೂ ಕಾಣೋ ಹಾಗೆ ಗಿಟ್‌ಹಬ್‌ನಲ್ಲಿ, ಎಂಐಟಿ ಲೈಸೆನ್ಸ್, ಅಂದರೆ ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಪ್ರತಿ ಒಂದನೇ ತಾರೀಖು ಆದಾಯದ ಸ್ಕ್ರೀನ್‌ಶಾಟ್. ತಿಂಗಳಿಗೆ ₹40 ಸಾವಿರ ದಾಟಿದ ವಾರವೇ ಮೇಲ್ ಬಂತು: ನಿಮ್ಮ ಸಾಫ್ಟ್‌ವೇರ್ ಕೊಳ್ತೀವಿ, ವಾರ್ಷಿಕ ಆದಾಯದ ಮೂರು ಪಟ್ಟು.

ಕ್ರಮ ಗೊತ್ತಲ್ಲ, ಮೊದಲು ಎನ್‌ಡಿಎ (ಗುಟ್ಟು ಬಿಟ್ಟುಕೊಡಲ್ಲ ಅನ್ನೋ ಒಪ್ಪಂದ), ಆಮೇಲೆ ಬೆಲೆ ಬರೆದ ಪತ್ರ, ಆಮೇಲೆ ಡೇಟಾ, ದುಡ್ಡು ಎಸ್ಕ್ರೋದಲ್ಲಿ (ಡೀಲ್ ಮುಗಿಯೋವರೆಗೆ ಮೂರನೆಯವರ ಹತ್ತಿರ). ಇವರದ್ದು ತಲೆಕೆಳಗು. “ಲೀಗಲ್‌ನವರು ಎನ್‌ಡಿಎ ಕಳಿಸ್ತಾರೆ, ಅಷ್ಟರಲ್ಲಿ ಗ್ರಾಹಕರು ನಿಜವಾ ಅಂತ ನೋಡಿಬಿಡ್ತೀವಿ.” ನಂಬರ್ ಕೊಡಲ್ಲ ಅಂದೆ. ಆಗ ಬಂತು ಈ ಮಾತು: “ನಂಬರ್ ಬೇಡ ಸಾರ್, ಹ್ಯಾಶ್ ಮಾಡಿ ಕೊಡಿ ಸಾಕು. ಡೂಪ್ಲಿಕೇಟ್ ಇದೆಯಾ ನೋಡೋಕೆ ಅಷ್ಟೆ.”

ಎಷ್ಟು ಸಭ್ಯವಾಗಿ ಕೇಳಿದರು! ಹ್ಯಾಶ್ ಅಂದರೆ ನಂಬರನ್ನ ಸೂತ್ರಕ್ಕೆ ಹಾಕಿ ತೆಗೆದ ಉದ್ದದ ಗುರುತು. ಒಂದೇ ನಂಬರಿಗೆ ಯಾವಾಗಲೂ ಒಂದೇ ಗುರುತು, ಆದರೆ ಗುರುತಿನಿಂದ ನೇರವಾಗಿ ನಂಬರ್ ತೆಗೆಯೋಕಾಗಲ್ಲ. ನಾನು ಸಿಎಸ್‌ವಿ ಫೈಲ್ ಮಾಡಿ ಕಳಿಸಿದೆ: ಊರು, ಸೇರಿದ ತಿಂಗಳು, ಕಟ್ಟೋ ಮೊತ್ತ, ಮೊಬೈಲ್ ನಂಬರಿನ ಶಾ-256 ಹ್ಯಾಶ್ (ಶಾ-256 ಅನ್ನೋದು ಆ ಸೂತ್ರದ ಹೆಸರು). ಸಾಲ್ಟ್ (ಹ್ಯಾಶ್ ಮಾಡೋ ಮುಂಚೆ ನಂಬರಿಗೆ ಸೇರಿಸೋ ಅಡ್ಡಾದಿಡ್ಡಿ ಅಕ್ಷರಗಳು) ಹಾಕಲಿಲ್ಲ.

ಈಗ ಲೆಕ್ಕ ಹಾಕಿ. ನಮ್ಮ ದೇಶದ ಮೊಬೈಲ್ ನಂಬರಿಗೆ ಹತ್ತು ಅಂಕಿ, ಶುರು ಆಗೋದು 6, 7, 8 ಇಲ್ಲ 9ರಿಂದ. ಅಂದರೆ ಹೆಚ್ಚೆಂದರೆ 400 ಕೋಟಿ ನಂಬರು. ಗೇಮ್ ಆಡೋಕೆ ಹಾಕಿಸೋ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಶಾ-256 ಹಾಕುತ್ತೆ. ಇರೋ ನಂಬರನ್ನೆಲ್ಲ ಹ್ಯಾಶ್ ಮಾಡಿ ಫೈಲಿಗೆ ತಾಳೆ ನೋಡೋಕೆ ಒಂದು ಲೋಟ ಕಾಫಿ ಕುಡಿಯೋವಷ್ಟು ಹೊತ್ತೂ ಬೇಡ. ಹ್ಯಾಶ್ ‘ಮುರಿಯೋದು’ ಬೇಕೇ ಇಲ್ಲ. ಪಾಸ್‌ವರ್ಡ್ ವಿಷಯದಲ್ಲಿ ಇದೇ ಪಾಠ ಬೇರೆಯವರಿಗೆ ಹೇಳಿದವನು ನಾನು. ನಾನು!

ಗೊತ್ತಾಗಿದ್ದು ಹೇಗೆ ಅಂದ್ರೆ, ನಾನೇ ಮಾಡಿದ್ದ ಟೆಸ್ಟ್ ಖಾತೆಯೊಂದನ್ನ ಆ ಫೈಲಿನಿಂದ ತೆಗೆಯೋಕೆ ಮರೆತಿದ್ದೆ. ಅದರ ಸಿಮ್ ಒಟಿಪಿ ನೋಡೋಕೆ ಮಾತ್ರ, ಇನ್ನೆಲ್ಲೂ ಕೊಟ್ಟಿಲ್ಲ. ಐದು ವಾರ ಆದ ಮೇಲೆ ಆ ಸಿಮ್ಮಿಗೆ ಮೆಸೇಜ್: “ಪಿಜಿ ಮಾಲೀಕರೇ, ನೀವು ಈಗ ಕೊಡುತ್ತಿರುವುದರ ಅರ್ಧ ಬೆಲೆಗೆ...” ನನ್ನದೇ ಸ್ಕ್ರೀನು, ಬಣ್ಣ ಮಾತ್ರ ಬೇರೆ. ಫೋನ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ಕೊಳ್ತೀವಿ ಅಂದವರನ್ನೇ ಕೇಳಿದೆ. ಮೊದಲ ಉತ್ತರ: “ಪಿಜಿ ನಂಬರ್ ಎಲ್ಲಾ ಗೂಗಲ್ ಮ್ಯಾಪ್‌ನಲ್ಲೇ ಸಿಗುತ್ತಲ್ಲ ಸಾರ್.” ಇಲ್ಲದ ಪಿಜಿಯ ನಂಬರ್ ಯಾವ ಮ್ಯಾಪ್‌ನಲ್ಲಿ ಸಿಕ್ತು ಅಂದೆ. ಎರಡು ದಿನ ಮೌನ. ಆಮೇಲೆ: “ಮಾರ್ಕೆಟಿಂಗ್ ವೆಂಡರ್ ನೋಡ್ಕೊಳ್ತಾರೆ, ನಮಗೆ ಗೊತ್ತಿಲ್ಲ.” ಕೋಡ್ ಕದ್ದಿದ್ದೀರಿ ಅಂದಾಗ ಬಂದ ಉತ್ತರ ಇನ್ನೂ ಚುಚ್ಚುತ್ತೆ: “ಲೈಸೆನ್ಸ್ ನೀವೇ ಹಾಕಿದ್ದು, ಒಂದ್ಸಲ ಓದಿ ಸಾರ್.”

ಓದಿದೆ. ಎಂಐಟಿ ಕೇಳೋದು ಒಂದೇ, ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಉಳಿಸಿಕೊಳ್ಳಿ ಅಂತ. ಅವರ ಜಾವಾಸ್ಕ್ರಿಪ್ಟ್ ಬಂಡಲ್ (ಬ್ರೌಸರ್‌ಗೆ ಬರೋ ಕೋಡ್ ಫೈಲ್) ತೆರೆದು ಹುಡುಕಿದರೆ ನನ್ನ ಹೆಸರು ನೀಟಾಗಿ ಅಲ್ಲೇ ಇತ್ತು. ಕೋಡ್ ವಿಷಯದಲ್ಲಿ ಅವರದ್ದು ತಪ್ಪೇ ಇಲ್ಲ. ಗಿಟ್‌ಹಬ್‌ನಲ್ಲಿ ಕೋಡ್ ಇಡೋ ಜಾಗ ಮಾಡೋವಾಗ ಲೈಸೆನ್ಸ್ ಪಟ್ಟಿಯಲ್ಲಿ ಕಂಡಿದ್ದನ್ನ ಕ್ಲಿಕ್ ಮಾಡಿದ್ದು ನಾನೇ.

ನಂಬರ್ ವಿಷಯದಲ್ಲೂ ಪೂರ್ತಿ ಅವರ ಮೇಲೆ ಹಾಕೋ ಹಾಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನೋಡಿದರೂ, ಗ್ರಾಹಕರ ಡೇಟಾ ಕಾಪಾಡೋ ಹೊಣೆ ಅದನ್ನ ಸಂಗ್ರಹಿಸಿದವನದೇ. ಗ್ರಾಹಕರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿದೆ. ಕೆಲವರು ಬೈದರು, ಸರಿಯಾಗೇ ಬೈದರು.

ಯಾರಾದರೂ ಫೈಲ್ ಕೇಳಿದರೆ ನಂಬರಿನ ಜಾಗದಲ್ಲಿ 1, 2, 3 ಅಂತ ಕ್ರಮಸಂಖ್ಯೆ ಹಾಕಿ ಕೊಡಿ. ಡೂಪ್ಲಿಕೇಟ್ ನೋಡಲೇಬೇಕು ಅಂದರೆ ಎಚ್‌ಮ್ಯಾಕ್ (ಗುಟ್ಟಿನ ಕೀ ಸೇರಿಸಿ ಮಾಡೋ ಹ್ಯಾಶ್), ಆ ಕೀ ನಿಮ್ಮ ಹತ್ತಿರವೇ ಇರಬೇಕು. ಆದಾಯ ನಿಜವಾ ಅಂದರೆ ವೀಡಿಯೊ ಕಾಲ್‌ನಲ್ಲಿ ಪೇಮೆಂಟ್ ಗೇಟ್‌ವೇ ತೆರೆದು ತೋರಿಸಿ, ಲಾಗಿನ್ ಕೊಡಬೇಡಿ. ಹೊಗಳಿದ ಗ್ರಾಹಕರ ಸ್ಕ್ರೀನ್‌ಶಾಟ್ ಹಾಕೋವಾಗ ಪಿಜಿ ಹೆಸರು, ಏರಿಯಾ ಮುಚ್ಚಿ, ನಾನು ಮುಚ್ಚಿರಲಿಲ್ಲ. ಪ್ರತಿ ಗ್ರಾಹಕರ ಪಟ್ಟಿಯಲ್ಲೂ ಎಲ್ಲೂ ಬಳಸದ ಒಂದು ನಂಬರ್ ಬೇಕಂತಲೇ ಸೇರಿಸಿ. ನನ್ನದು ಮರೆವಿನಿಂದ ಉಳಿದದ್ದು, ಅದೃಷ್ಟ.

ಸರ್ವರ್‌ನಲ್ಲಿ ಓಡೋ ಉತ್ಪನ್ನದ ಕೋಡ್ ತೆರೆದೇ ಇಡ್ತೀನಿ ಅನ್ನೋರು ಎಜಿಪಿಎಲ್-3.0 ಅನ್ನೋ ಲೈಸೆನ್ಸ್ ಓದಿ ನೋಡಿ. ಕೋಡ್ ಬದಲಿಸಿ ನೆಟ್‌ವರ್ಕ್ ಮೇಲೆ ಓಡಿಸಿದರೆ ಬಳಸುವವರಿಗೆ ಆ ಬದಲಿಸಿದ ಕೋಡ್ ಕೊಡಬೇಕಾಗುತ್ತೆ. ನಾನೂ ಈಗ ಬದಲಿಸಿದ್ದೀನಿ, ಆದರೆ ಎಂಐಟಿ ಕೆಳಗೆ ಆಗಲೇ ಬಿಟ್ಟ ಕೋಡನ್ನ ವಾಪಸ್ ತಗೊಳ್ಳೋಕಾಗಲ್ಲ. ಅವರು ಅದನ್ನೇ ಮಾರ್ತಾ ಇದ್ದಾರೆ.

ಎನ್‌ಡಿಎ? ಇನ್ನೂ ಬಂದಿಲ್ಲ. “ಲೀಗಲ್‌ನವರ ಹತ್ತಿರ ಇದೆ ಸಾರ್.”