ಹಳೆ ಯೆಜ್ಡಿಯನ್ನು ಮನೆಯಲ್ಲೇ ಕಟ್ಟುವಾಗ: ಪೌಡರ್ ಕೋಟೋ ಪೇಂಟೋ, ಪಾಯಿಂಟೋ ಸಿಡಿಐಯೋ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಟೂ-ಸ್ಟ್ರೋಕ್ ಯೆಜ್ಡಿ ಇವತ್ತು ಯಾರ ಮನೆಯ ಶೆಡ್ಡಿಗೆ ಬಂದರೂ ಟ್ಯಾಂಕಿನೊಳಗೆ ತುಕ್ಕು, ಕಲ್ಲಾದ ಆಯಿಲ್ ಸೀಲು, ಹತ್ತು ಜನ ಕೈಯಾಡಿಸಿದ ವಯರಿಂಗ್ ಇದ್ದೇ ಇರುತ್ತದೆ. ಅದನ್ನು ಪೂರ್ತಿ ಬಿಚ್ಚಿ, ಒಂಟಿ ಸೀಟು, ಅಗಲ ಹ್ಯಾಂಡಲ್ ಹಾಕಿ ತಮಗೆ ಬೇಕಾದ ಹಾಗೆ ಕಟ್ಟಿಕೊಳ್ಳುವವರಿಗೆ ಹಿಂಗಾರು ಮಳೆ ನಿಂತ ಮೇಲಿನ ಮೂರು ತಿಂಗಳು ಬಹಳ ಅನುಕೂಲ. ಮಧ್ಯಾಹ್ನದ ಗಾಳಿ ಒಣಗಿರುತ್ತದೆ, ಉಜ್ಜಿ ಬರಿದು ಮಾಡಿದ ಕಬ್ಬಿಣಕ್ಕೆ ಬೆಳಗಾಗುವಷ್ಟರಲ್ಲಿ ತುಕ್ಕು ಹತ್ತುವುದಿಲ್ಲ. ಶಿವರಾತ್ರಿ ಕಳೆದು ಬಿಸಿಲೇರುವ ಮೊದಲು ಎಂಜಿನ್ ಶಬ್ದ ಮಾಡಬೇಕು ಅನ್ನುವ ಲೆಕ್ಕ ಇಟ್ಟುಕೊಳ್ಳಿ.

ಕೆಳಗೆ ಹೋಲಿಸಿರುವ ದಾರಿಗಳನ್ನೆಲ್ಲ ಬೇರೆ ಬೇರೆ ಗಾಡಿಗಳ ಮೇಲೆ ಮಾಡಿ ನೋಡಿದ್ದೇವೆ. ತೀರ್ಪಿಗೆ ಇಟ್ಟುಕೊಂಡ ಅಳತೆ ಒಂದೇ: ಮುಂದಿನ ಮಳೆಗಾಲದಲ್ಲಿ ಇದು ಕೈಕೊಟ್ಟರೆ, ಮನೆಯಲ್ಲಿರುವ ಸ್ಪ್ಯಾನರುಗಳಿಂದಲೇ ಬಿಚ್ಚಿ ಸರಿಮಾಡಲು ಆಗುತ್ತದೆಯೇ?

ಹಿಂದಿನ ಫ್ರೇಮ್: ಕೊಯ್ಯುವುದೋ, ಬೋಲ್ಟ್ ಹಾಕುವುದೋ

ಒಂಟಿ ಸೀಟಿನ ಗಾಡಿಗೆ ಎಲ್ಲರೂ ಮೊದಲು ಕೈಗೆತ್ತಿಕೊಳ್ಳುವುದು ಆಂಗಲ್ ಗ್ರೈಂಡರನ್ನು. ಹಿಂದಿನ ಪೈಪು ಕೊಯ್ದು, ಬಾಗಿಸಿದ ಲೂಪ್ ಒಂದನ್ನು ವೆಲ್ಡ್ ಮಾಡುವುದು ನೋಡಲು ಅಚ್ಚುಕಟ್ಟು, ನಿಜ. ಸರಿಯಾಗಿ ಮಾಡುವುದಾದರೆ ಎರಡು ಪೈಪು ಸೇರುವ ಕಡೆ ಒಳಗೆ 40–50 ಮಿ.ಮೀ. ಉದ್ದದ ತೋಳು ಬಿಗಿಯಾಗಿ ಕೂರಿಸಿ, ಪಕ್ಕದಲ್ಲಿ ತೂತು ಕೊರೆದು ಅಲ್ಲೂ ವೆಲ್ಡ್ ತುಂಬಬೇಕು. ಬರೀ ತುದಿಗೆ ತುದಿ ಹಿಡಿದು ವೆಲ್ಡ್ ಮಾಡಿದರೆ ಬಿರುಕು ಬರುವುದು ವೆಲ್ಡಿನಲ್ಲಲ್ಲ, ಅದರ ಪಕ್ಕದಲ್ಲಿ ಕಾದು ಗಡಸಾದ ಜಾಗದಲ್ಲಿ. ನೀರಿನ ಜಿಐ ಪೈಪಂತೂ ಬೇಡವೇ ಬೇಡ. ಸತುವಿನ ಹೊಗೆ ಎದೆಗೆ ಕೆಟ್ಟದ್ದು, ವೆಲ್ಡಿನಲ್ಲೂ ಗುಳ್ಳೆ ಉಳಿಯುತ್ತದೆ.

ಇನ್ನೊಂದು ದಾರಿ, ಮಡ್‌ಗಾರ್ಡ್ ಮತ್ತು ಹಿಂದಿನ ಶಾಕ್ ಅಬ್ಸಾರ್ಬರಿನ ಮೂಲ ತೂತುಗಳನ್ನೇ ಬಳಸಿ 5 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿಯ ಬ್ರ್ಯಾಕೆಟ್ ಮಾಡಿ, 8 ಮಿ.ಮೀ. ದಪ್ಪದ ಎಂ8 ಬೋಲ್ಟು, ಅದುರಿಗೆ ಸಡಿಲವಾಗದ ನೈಲಾಕ್ ನಟ್ಟಿನಲ್ಲಿ ಸೀಟಿನ ಚೌಕಟ್ಟು ಕೂರಿಸುವುದು. ಕೆಳಗೆ ರಬ್ಬರ್ ಬುಷ್ ಹಾಕದಿದ್ದರೆ ಟೂ-ಸ್ಟ್ರೋಕ್ ಅದುರಿಗೆ ಪಟ್ಟಿ ಕಿರಗುಟ್ಟುತ್ತದೆ, ಅದೊಂದೇ ತಕರಾರು. ಕಾನೂನೂ ಇದರ ಕಡೆಗೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳನ್ನು ಬದಲಿಸುವುದನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣಕ್ಕೆ ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಆ ದಿನ ಬೋಲ್ಟ್ ಬಿಚ್ಚಿ ಮೂಲ ಸೀಟು, ಮಡ್‌ಗಾರ್ಡ್ ಕೂರಿಸಬಹುದು. ಕೊಯ್ದ ಫ್ರೇಮಿಗೆ ಆ ದಾರಿಯೇ ಇಲ್ಲ. ಬಣ್ಣ ಬದಲಿಸಿದರೆ ಅದನ್ನೂ ಆರ್‌ಸಿಯಲ್ಲಿ ಬರೆಸಿ.

ಚಾಸಿಸ್‌ಗೆ ಪೌಡರ್ ಕೋಟಿಂಗೋ, ಪಿಯು ಪೇಂಟೋ

ಪೌಡರ್ ಕೋಟಿಂಗಿನ ಗಟ್ಟಿತನಕ್ಕೆ ಎದುರಿಲ್ಲ. ಸ್ಯಾಂಡ್ ಬ್ಲಾಸ್ಟ್ ಮಾಡಿ, ಪುಡಿ ಹಿಡಿಸಿ, 180–200 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಬೇಯಿಸುತ್ತಾರೆ. ಪೆಟ್ರೋಲ್ ಚೆಲ್ಲಿದರೂ, ಸ್ಪ್ಯಾನರ್ ತಾಗಿದರೂ ಪರವಾಗಿಲ್ಲ. ಆದರೆ ಕೊಡುವ ಮುಂಚೆ ಮಾಡಬೇಕಾದ ತಯಾರಿ ಮನೆಯವರದೇ, ಅದು ತಪ್ಪಿದರೆ ಎಡವಟ್ಟು. ಹ್ಯಾಂಡಲ್ ಬೇರಿಂಗಿನ ಕಪ್‌ಗಳು (ಬಟ್ಟಲುಗಳು), ಸ್ವಿಂಗ್ ಆರ್ಮಿನ ಬುಷ್‌ಗಳು ಎಲ್ಲ ಹೊರಗೆ ಬಂದಿರಬೇಕು. ಮರೆಗಳಿಗೆ (ಬೋಲ್ಟು ಕೂರುವ ತೂತಿನ ಸುರುಳಿ ಗೆರೆಗಳಿಗೆ) ಹಳೆ ಬೋಲ್ಟು ತಿರುಗಿಸಿ ಕಳಿಸಿ, ಇಲ್ಲದಿದ್ದರೆ ಪುಡಿ ಕರಗಿ ಮರೆ ತುಂಬಿ ಮತ್ತೆ ಟ್ಯಾಪ್ ಹೊಡೆಯಬೇಕಾಗುತ್ತದೆ. ಎಂಜಿನ್ ಮೌಂಟಿನ ಮುಖಗಳಿಗೆ ಶಾಖ ತಾಳುವ ಟೇಪ್ ಅಂಟಿಸಲು ಹೇಳಿ. ಅಲ್ಲಿ ಪುಡಿಯ ಪದರ ಉಳಿದರೆ ಬಿಗಿಸಿದ ಬೋಲ್ಟಿನ ಒತ್ತಡಕ್ಕೆ ಅದು ನಿಧಾನವಾಗಿ ಹಿಸುಕಿಕೊಂಡು, ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಎಂಜಿನ್ ಬೋಲ್ಟು ಸಡಿಲವಾಗುತ್ತದೆ. ಬ್ಲಾಸ್ಟಿಂಗ್ ಮರಳು ಪೈಪಿನೊಳಗೆ ಕೂತಿರುತ್ತದೆ. ಫ್ರೇಮನ್ನು ಎಲ್ಲ ದಿಕ್ಕಿಗೂ ತಿರುವಿ, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ, ಕಂಪ್ರೆಸರ್ ಗಾಳಿ ಊದಿ ಪೂರ್ತಿ ಉದುರಿಸಿ. ಚಾಸಿಸ್ ನಂಬರಿನ ಮೇಲೆ ದಪ್ಪ ಪದರ ಕೂತರೆ ಎಫ್‌ಸಿ (ಫಿಟ್‌ನೆಸ್ ತಪಾಸಣೆ) ದಿನ ಅಕ್ಷರ ಓದಲು ಬರುವುದಿಲ್ಲ. ಅದನ್ನೂ ಮುಚ್ಚಿಸಿ, ಆಮೇಲೆ ತೆಳುವಾಗಿ ಪೇಂಟ್ ಹಚ್ಚಿಕೊಳ್ಳಿ.

ಇಷ್ಟೆಲ್ಲ ಸರಿಯಾದರೂ ಪೌಡರ್‌ನ ನಿಜವಾದ ಕೊರತೆ ತೇಪೆ ಹಚ್ಚಲು ಆಗದಿರುವುದು. ಕಲ್ಲು ಬಡಿದು ಒಂದು ಕಡೆ ಎದ್ದರೆ ಮಳೆನೀರು ಪದರದ ಕೆಳಗೇ ಹರಿದು, ಮೇಲೆ ಹೊಳಪು, ಒಳಗೆ ತುಕ್ಕು. ಉಗುರಿನಲ್ಲಿ ಎಬ್ಬಿಸಿದರೆ ಹಾಳೆ ಹಾಳೆಯಾಗಿ ಬರುತ್ತದೆ. ಒಂದು ಸಣ್ಣ ಬ್ರ್ಯಾಕೆಟ್ ಮರೆತುಹೋಗಿ ವೆಲ್ಡ್ ಮಾಡಬೇಕಾಗಿ ಬಂದರೂ ಮತ್ತೆ ಇಡೀ ಫ್ರೇಮ್ ಒಲೆಗೆ ಹೋಗಬೇಕು. ಹೊಸದಾಗಿ ವಿನ್ಯಾಸ ಮಾಡುತ್ತಿರುವ ಗಾಡಿಯಲ್ಲಿ ಇಂಥ ಮರೆವು ಸಹಜ.

ಪಿಯು (ಪಾಲಿಯುರೆಥೇನ್) ಪೇಂಟಿನಲ್ಲಿ ಎಪಾಕ್ಸಿ ಪ್ರೈಮರ್ ಎರಡು ಕೋಟು, ಮೇಲೆ ಬಣ್ಣ ಎರಡು ಕೋಟು, ಕೋಟಿನ ನಡುವೆ 10–15 ನಿಮಿಷ ಬಿಡುವು. ಹಾರ್ಡ್‌ನರ್ ಪ್ರಮಾಣ ಡಬ್ಬಿಯ ಮೇಲೆ ಬರೆದಷ್ಟೇ, ಅಳತೆ ಲೋಟದಲ್ಲಿ. ಕಣ್ಣಳತೆಯಲ್ಲಿ ಸುರಿದರೆ ಬಣ್ಣ ವಾರ ಕಳೆದರೂ ಅಂಟಂಟು. ಚಳಿಗಾಲಕ್ಕೆ ಬೇಗ ಆರುವ ತಿನ್ನರ್ ಕೇಳಿ ತನ್ನಿ. ಹೊಡೆಯುವ ಹೊತ್ತು ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಮಾತ್ರ. ಲೋಹದ ಮೈ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ ಮೂರು ಡಿಗ್ರಿ ಬಿಸಿ ಇರಬೇಕು ಅನ್ನುವುದು ನಿಯಮ. ಡಿಸೆಂಬರ್ ಸಂಜೆ ಐದಕ್ಕೆ ಹೊಡೆದ ಕ್ಲಿಯರ್ ಕೋಟು ಬೆಳಗಾಗುವಷ್ಟರಲ್ಲಿ ತೆಳು ಮಜ್ಜಿಗೆಯ ಹಾಗೆ ಬಿಳಿಚಿಕೊಳ್ಳುವುದು ಇದೇ ಕಾರಣಕ್ಕೆ. ಪಿಯು ಹಾರ್ಡ್‌ನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ತೀರಾ ಅಪಾಯಕಾರಿ. ಬಟ್ಟೆಯ ಮಾಸ್ಕ್ ಲೆಕ್ಕಕ್ಕಿಲ್ಲ, ಹೊರಗಿನ ಶುದ್ಧ ಗಾಳಿ ಕೊಡುವ ಮುಖವಾಡವೇ ಬೇಕು. ಅದಿಲ್ಲದಿದ್ದರೆ ಉಜ್ಜುವುದು, ಎಪಾಕ್ಸಿ ಪ್ರೈಮರ್ ಬ್ರಷ್‌ನಲ್ಲಿ ಹಚ್ಚುವುದು, 320 ಎಮರಿಯಲ್ಲಿ ಸಮಮಾಡುವುದು ಮನೆಯಲ್ಲಿರಲಿ. ಸ್ಪ್ರೇ ಕೆಲಸವನ್ನು ಬೂತ್ ಇರುವ ಪೇಂಟರಿಗೆ ಕೊಡಿ.

ನಮ್ಮ ಆಯ್ಕೆ: ಚಾಸಿಸ್, ಸ್ವಿಂಗ್ ಆರ್ಮ್‌ಗೆ ಪಿಯು. ಸ್ಟ್ಯಾಂಡು, ಕ್ಯಾರಿಯರ್, ಫುಟ್‌ರೆಸ್ಟ್‌ನಂಥ ಸಣ್ಣ ಬಿಡಿಭಾಗಗಳಿಗೆ ಪೌಡರ್. ಟ್ಯಾಂಕಿಗೆ ಪೌಡರ್ ಯಾವತ್ತೂ ಬೇಡ. ಹಳೆ ಟ್ಯಾಂಕಿನ ಮೈಯಲ್ಲಿ ಎಲ್ಲೋ ಒಂದು ಕಡೆ ಪುಟ್ಟಿ, ಬೆಸುಗೆ ಇದ್ದೇ ಇರುತ್ತದೆ. ಒಲೆಯ ಶಾಖಕ್ಕೆ ಪುಟ್ಟಿ ಗುಳ್ಳೆ ಏಳುತ್ತದೆ, ಬೆಸುಗೆಯ ಸೀಸ ಕರಗಿ ಇಳಿಯುತ್ತದೆ.

ಟ್ಯಾಂಕಿನ ತುಕ್ಕು: ನಾಲ್ಕು ಮದ್ದು

ಬಣ್ಣಕ್ಕಿಂತ ಮೊದಲು ಟ್ಯಾಂಕಿನ ಒಳಗು ಮುಗಿಯಬೇಕು, ಯಾಕೆಂದರೆ ಯಾವ ಆಮ್ಲ ಹೊರಗೆ ಸೋರಿದರೂ ಹೊಸ ಪೇಂಟು ಹೋಗುತ್ತದೆ. ಪೆಟ್ರೋಲ್ ಖಾಲಿ ಮಾಡಿ, ಪಾತ್ರೆ ಸೋಪಿನ ಬಿಸಿನೀರಿನಲ್ಲಿ ವಾಸನೆ ಹೋಗುವವರೆಗೂ ಕುಲುಕಿ ತೊಳೆಯಿರಿ. ಜಿಡ್ಡು ಇದ್ದರೆ ಆಮ್ಲ ಲೋಹಕ್ಕೆ ತಾಗುವುದೇ ಇಲ್ಲ; ಆಯಿಲ್ ಬೆರೆಸಿ ಓಡಿಸಿದ ಗಾಡಿಯಲ್ಲಿ ಜಿಡ್ಡು ಇನ್ನೂ ಜಾಸ್ತಿ. ಸಡಿಲ ತುಕ್ಕು ಉದುರಿಸಲು ಜಲ್ಲಿ, ನಟ್ಟು ಹಾಕಿ ಕುಲುಕುವವರಿದ್ದಾರೆ. ಅವು ಮೂಲೆಯಲ್ಲಿ ಸಿಕ್ಕಿಕೊಂಡರೆ ತೆಗೆಯುವುದು ಕಷ್ಟ. ಒಂದು ಮೀಟರ್ ಸಣ್ಣ ಸರಪಳಿ ಹಾಕಿ, ತುದಿಗೆ ತಂತಿ ಕಟ್ಟಿ ಹೊರಗೆ ಬಿಟ್ಟಿರಿ.

ಬಾತ್‌ರೂಮ್ ಆಸಿಡ್ ಎಲ್ಲಕ್ಕಿಂತ ವೇಗ, ಎಲ್ಲಕ್ಕಿಂತ ಕೆಟ್ಟದ್ದು. ಅರ್ಧ ಗಂಟೆಯಲ್ಲಿ ತುಕ್ಕು ಹೋಗುತ್ತದೆ, ಜೊತೆಗೆ ಲೋಹವೂ. ಜೋಡಣೆಯ ಅಂಚಿನಲ್ಲಿ ಉಳಿದ ಕ್ಲೋರೈಡ್ ಎಷ್ಟು ತೊಳೆದರೂ ಪೂರ್ತಿ ಹೋಗದೆ ತಿಂಗಳೊಳಗೆ ಮತ್ತೆ ಕೆಂಪು ಹತ್ತಿಸುತ್ತದೆ. ಸೂಜಿಮೊನೆಯಷ್ಟು ತೂತು ಮೊದಲು ಕಾಣಿಸುವುದು ಅಲ್ಲೇ.

ವಿನೆಗರ್ ಸೌಮ್ಯ, ಆದರೆ ಮಾಗಿಯ ಚಳಿಯಲ್ಲಿ ಎರಡು ಮೂರು ದಿನ ಹಿಡಿಯುತ್ತದೆ. ಟ್ಯಾಂಕು ತುಂಬುವಷ್ಟು ಕೊಂಡರೆ ಖರ್ಚೂ ಕಡಿಮೆಯೇನಲ್ಲ.

ಎಲೆಕ್ಟ್ರಾಲಿಸಿಸ್‌ಗೆ ಲೀಟರಿಗೆ 15 ಗ್ರಾಂ ವಾಷಿಂಗ್ ಸೋಡಾ, 12 ವೋಲ್ಟ್ ಚಾರ್ಜರ್, 2–5 ಆಂಪಿಯರ್. ಮೈನಸ್ ಟ್ಯಾಂಕಿಗೆ, ಪ್ಲಸ್ ಮುಚ್ಚಳದ ಬಾಯಿಯಿಂದ ಇಳಿಬಿಟ್ಟ ಕಬ್ಬಿಣದ ಸರಳಿಗೆ, ಅದು ಎಲ್ಲೂ ಟ್ಯಾಂಕಿಗೆ ತಾಗಬಾರದು. ಸ್ಟೇನ್‌ಲೆಸ್ ಸರಳು ಬೇಡ, ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಹೈಡ್ರೋಜನ್ ಬರುವುದರಿಂದ ಬಯಲಲ್ಲೇ ಮಾಡಿ. ಚಾರ್ಜರ್ ಆಫ್ ಮಾಡದೆ ಕ್ಲಿಪ್ ಕೀಳಬೇಡಿ. ಇದು ಒಳ್ಳೆಯ ಲೋಹವನ್ನು ಒಂದಿಷ್ಟೂ ತಿನ್ನುವುದಿಲ್ಲ, ಅದು ದೊಡ್ಡ ಗುಣ. ಆದರೆ ಸರಳಿಗೆ ನೇರ ಎದುರಿರುವ ಕಡೆಯಷ್ಟೇ ಚೆನ್ನಾಗಿ ಕೆಲಸ. ಯೆಜ್ಡಿಯ ಟ್ಯಾಂಕು ಫ್ರೇಮಿನ ಪೈಪಿನ ಎರಡೂ ಬದಿಗೆ ಇಳಿಬಿದ್ದಿರುತ್ತದೆ, ಮಧ್ಯದ ಏರಿನಾಚೆಯ ತಳಕ್ಕೆ ಪ್ರಭಾವ ಮುಟ್ಟುವುದೇ ಇಲ್ಲ. ನೀರು ನಿಂತು ಹೆಚ್ಚು ತುಕ್ಕು ಹಿಡಿದಿರುವುದೂ ಆ ತಳವೇ.

ಗೆದ್ದದ್ದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು. ಹತ್ತು ಲೀಟರಿಗೆ 600 ಗ್ರಾಂ, ಕೈ ತಾಳದಷ್ಟು ಬಿಸಿನೀರಿನಲ್ಲಿ ಕರಗಿಸಿ. ಪೆಟ್ರೋಲ್ ಕಾಕ್ (ಟ್ಯಾಂಕಿನ ನಲ್ಲಿ) ತೆಗೆದು ಅಲ್ಲಿಗೆ ರಬ್ಬರ್ ಬಿರಡೆ ಬಡಿದು, ಬಾಯಿಮಟ್ಟ ತುಂಬಿಸಿ; ಮೇಲ್ಛಾವಣಿಯಲ್ಲೂ ತುಕ್ಕು ಇರುತ್ತದೆ. ತಣ್ಣಗಾದಷ್ಟೂ ಕೆಲಸ ನಿಧಾನ, ಹಾಗಾಗಿ ಹಗಲು ಬಿಸಿಲಿಗಿಡಿ, ರಾತ್ರಿ ಹಳೆ ಕಂಬಳಿ ಹೊದಿಸಿ. ಆರು ಗಂಟೆಗೊಮ್ಮೆ ಟಾರ್ಚ್ ಬಿಟ್ಟು ನೋಡಿ, ಒಂದು ದಿನದೊಳಗೆ ಬೂದು ಲೋಹ ಕಾಣಬೇಕು. ಇನ್ನೂ ಬಿಟ್ಟರೆ ಕಪ್ಪು ಪದರ ಕಟ್ಟಿ ಒಳ್ಳೆಯ ಲೋಹವನ್ನೂ ತಿನ್ನುತ್ತದೆ. ಚೆಲ್ಲಿದ ತಕ್ಷಣ ಲೀಟರಿಗೆ 20 ಗ್ರಾಂ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಕುಲುಕಿ, ಕೊನೆಯ ತೊಳೆತ ಕುದಿಯುವ ನೀರಿನಲ್ಲಿ. ಲೋಹವೇ ಬಿಸಿಯಾದರೆ ತಾನಾಗಿ ಆರುತ್ತದೆ. ತಣ್ಣೀರಿನಲ್ಲಿ ತೊಳೆದರೆ ಕಣ್ಣೆದುರೇ ಕಿತ್ತಳೆ ಬಣ್ಣ ಹತ್ತುವುದನ್ನು ನೋಡಬಹುದು. ಹೇರ್ ಡ್ರೈಯರಿನಲ್ಲಿ ಅರ್ಧ ಗಂಟೆ ಒಣಗಿಸಿ, 200 ಎಂ.ಎಲ್. ಟೂ-ಟಿ (ಟೂ-ಸ್ಟ್ರೋಕ್) ಆಯಿಲ್ ಸುರಿದು ಎಲ್ಲ ಮೂಲೆಗೂ ಹರಿಯುವ ಹಾಗೆ ಹೊರಳಿಸಿ.

ಒಳಗೆ ಎಪಾಕ್ಸಿ ಲೈನಿಂಗ್ ಹಾಕಬೇಕೇ? ತೂತಿಲ್ಲದ ಟ್ಯಾಂಕಿಗೆ ಬೇಡ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದಕ್ಕೆ ತಾಳದ ಲೈನಿಂಗ್ ಮೆತ್ತಗಾಗಿ, ಚಕ್ಕೆ ಎದ್ದು ಕಾಕ್ ಮತ್ತು ಕಾರ್ಬುರೇಟರಿನ ಜೆಟ್ ಕಟ್ಟುತ್ತದೆ. ಅದನ್ನು ಕಿತ್ತು ತೆಗೆಯುವುದು ತುಕ್ಕು ತೆಗೆಯುವುದಕ್ಕಿಂತ ಹತ್ತು ಪಟ್ಟು ಕಷ್ಟ. ಸಣ್ಣ ತೂತಿದ್ದರೆ ಬ್ರೇಜಿಂಗ್ (ಹಿತ್ತಾಳೆ ಬೆಸುಗೆ) ಮಾಡಿಸಿ, ಅದೂ ಟ್ಯಾಂಕು ಬಲ್ಲವರ ಹತ್ತಿರ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯ.

ಪಾಯಿಂಟ್ ಸೆಟ್ಟೋ, ಸಿಡಿಐಯೋ

6 ವೋಲ್ಟ್ ಡೈನಮೋ, ಪಾಯಿಂಟ್ ಸೆಟ್ (ಸ್ಪಾರ್ಕ್ ಬರುವ ಹೊತ್ತಿಗೆ ಕರೆಂಟು ಕಡಿಯುವ ಪುಟ್ಟ ಸ್ವಿಚ್ಚು) ಇರುವ ಗಾಡಿಗೆ 12 ವೋಲ್ಟಿನ ಸಿಡಿಐ (ಪಾಯಿಂಟಿಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್) ಕಿಟ್ ಹಾಕಿದರೆ ಮೊದಲ ದಿನವೇ ವ್ಯತ್ಯಾಸ ಗೊತ್ತಾಗುತ್ತದೆ. ಸ್ಪಾರ್ಕ್ ಗಟ್ಟಿ, ಹೆಡ್‌ಲೈಟ್ ಉಜ್ವಲ, ಗ್ಯಾಪ್ ಹಿಡಿಯುವ ಗೋಜಿಲ್ಲ. ಬ್ಯಾಟರಿ ಸತ್ತರೂ ಕಿಕ್ ಹೊಡೆದರೆ ಚಾಲೂ ಆಗುವುದು ಎಸಿ ಸಿಡಿಐ ಮಾತ್ರ. ಡಿಸಿ ಸಿಡಿಐಗೆ ಬ್ಯಾಟರಿ ಬೇಕೇ ಬೇಕು, ಕೊಳ್ಳುವಾಗ ಕೇಳಿಕೊಳ್ಳಿ. ಕಿಟ್‌ನ ರೋಟರ್ ಕ್ರ್ಯಾಂಕಿನ ತುದಿಯ ಟೇಪರ್ (ಕಿರಿದಾಗುತ್ತ ಹೋಗುವ ಭಾಗ) ಮೇಲೆ ಪೂರ್ತಿ ಮುಖ ಹಚ್ಚಿ ಕೂರಬೇಕು. ನೀಲಿ ಬಣ್ಣ ಹಚ್ಚಿ ಕೂರಿಸಿ ತೆಗೆದು ನೋಡಿ. ಗುರುತು ಒಂದೇ ಬದಿಗೆ ಬಿದ್ದರೆ ಗ್ರೈಂಡಿಂಗ್ ಪೇಸ್ಟಿನಲ್ಲಿ ಉಜ್ಜಿ ಸರಿಮಾಡಿ. ಇಲ್ಲವಾದರೆ ಓಡುವಾಗ ರೋಟರ್ ಜಾರಿ ಟೈಮಿಂಗ್ ತಪ್ಪುತ್ತದೆ.

ಪಾಯಿಂಟಿಗೆ 0.4 ಮಿ.ಮೀ. ಗ್ಯಾಪ್, ಫೀಲರ್ ಗೇಜ್ ಒಂದಿದ್ದರೆ ಸಾಕು. ಅದು ಕೆಡುವ ಮುಂಚೆ ಸೂಚನೆ ಕೊಡುತ್ತದೆ: ಸ್ಟಾರ್ಟ್ ಆಗಲು ಒಂದೆರಡು ಕಿಕ್ ಜಾಸ್ತಿ, ಮೇಲಿನ ವೇಗದಲ್ಲಿ ತಡವರಿಕೆ. ಒಂದು ಪಾಯಿಂಟಿನ ಮೇಲೆ ಗುಳಿ, ಎದುರಿನದರ ಮೇಲೆ ಗುಡ್ಡ ಕಟ್ಟಿದ್ದರೆ ತಪ್ಪು ಕಂಡೆನ್ಸರಿನದು. ಸಿಡಿಐ ಪೆಟ್ಟಿಗೆ ಹೋದರೆ ಚಾರ್ಮಾಡಿ ಘಾಟಿಯಲ್ಲೇ ಆಗಲಿ, ಶೆಡ್ಡಿನಲ್ಲೇ ಆಗಲಿ, ಪೂರ್ತಿ ಮೌನ; ಬಿಚ್ಚಿ ನೋಡಲು ಅದರೊಳಗೆ ಏನೂ ಇಲ್ಲ.

ನಿತ್ಯ ಊರೊಳಗೆ ಓಡಿಸುವವರು ಸಿಡಿಐ ಹಾಕಿ, ಮತ್ತೊಂದು ಪೆಟ್ಟಿಗೆ ಸೀಟಿನ ಕೆಳಗೆ ಇಟ್ಟುಕೊಳ್ಳಿ. ದೂರ ಹೋಗುವ ಗಾಡಿಗೆ ನಮ್ಮ ಮತ ಪಾಯಿಂಟ್ ಸೆಟ್ಟಿಗೇ, ಹೊಸ ಕಂಡೆನ್ಸರ್ ಮತ್ತು ಹೊಸ ಕಾಯಿಲ್ ಜೊತೆ. ಬೆಳಕು ಮಂಕು ಅನ್ನುವ ದೂರಿಗೆ ಬಹುಪಾಲು ಕಾರಣ ಕೆಟ್ಟ ಅರ್ಥ್ ಸಂಪರ್ಕ (ಕರೆಂಟು ಬ್ಯಾಟರಿಗೆ ಮರಳುವ ದಾರಿ). ಹಳೆ ವಯರಿನಲ್ಲಿ ಅರ್ಧ ವೋಲ್ಟ್ ಸೋರಿದರೆ 12ರಲ್ಲಿ ಅದು ಶೇ 4, 6ರಲ್ಲಿ ಶೇ 8. ಪೇಂಟ್ ಆದ ಮೇಲೆ ಫ್ರೇಮಿನ ಅರ್ಥ್ ಬಿಂದುವನ್ನು ಬರಿ ಲೋಹ ಕಾಣುವ ಹಾಗೆ ಕೆರೆದು, ಎಂಜಿನ್‌ನಿಂದ ಬ್ಯಾಟರಿಗೆ ಬೇರೆಯೇ ಒಂದು ವಯರ್ ಎಳೆಯಿರಿ.

ಬೋಲ್ಟು, ಸೀಲು

ಸ್ಟೇನ್‌ಲೆಸ್ ಬೋಲ್ಟು ಹೊಳಪಿಗೆ ಸರಿ, ಹೊರಗಿನ ಮುಚ್ಚಳಗಳಿಗೆ ಹಾಕಿ. ಅಲ್ಯೂಮಿನಿಯಂ ಮರೆಗೆ ಹೋಗುವಾಗ ಆ್ಯಂಟಿ-ಸೀಜ್ ಹಚ್ಚದಿದ್ದರೆ ಎರಡು ಮಳೆಗಾಲ ಕಳೆದ ಮೇಲೆ ಬೋಲ್ಟಿನ ಜೊತೆ ಮರೆಯೂ ಕಿತ್ತು ಬರುತ್ತದೆ. ಆಕ್ಸಲ್, ಬ್ರೇಕ್ ಆಂಕರ್, ಎಂಜಿನ್ ಮೌಂಟಿಗೆ ಸತು ಲೇಪದ, 8.8 ಬಲದ ದರ್ಜೆಯ ಉಕ್ಕಿನ ಬೋಲ್ಟೇ ಇರಲಿ.

ಕ್ರ್ಯಾಂಕಿನ ಆಯಿಲ್ ಸೀಲಿನಲ್ಲಿ ಮಾತ್ರ ಜಿಪುಣತನ ಬೇಡ. ಸಾಮಾನ್ಯ ಕಪ್ಪು ನೈಟ್ರೈಲ್ ಸೀಲು ಸುಮಾರು 100 ಡಿಗ್ರಿವರೆಗೆ, ವೈಟಾನ್ 200ರ ಹತ್ತಿರದವರೆಗೆ ತಾಳುತ್ತದೆ, ಎಥನಾಲಿಗೂ ಹೆಚ್ಚು ಬಾಳುತ್ತದೆ. ಸೀಲು ಬದಲಿಸಲು ಇಡೀ ಎಂಜಿನ್ ಒಡೆಯಬೇಕು, ಬೆಲೆಯ ವ್ಯತ್ಯಾಸ ಅದರ ಮುಂದೆ ಏನೂ ಅಲ್ಲ. ಎಂಜಿನ್ ಜೋಡಿಸಿದ ಮೇಲೆ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಬಾಯಿಗಳನ್ನು ರಬ್ಬರ್ ಹಾಳೆ, ತಗಡಿನ ಪಟ್ಟಿಯಿಂದ ಮುಚ್ಚಿ, ಪ್ಲಗ್ ತೂತಿನಿಂದ ಸೈಕಲ್ ಪಂಪಿನಲ್ಲಿ 6 ಪಿಎಸ್‌ಐ ಗಾಳಿ ತುಂಬಿಸಿ. ಪಿಸ್ಟನ್ ಕೆಳಗಿರಬೇಕು. ಆರು ನಿಮಿಷ ಗೇಜಿನ ಮುಳ್ಳು ಇಳಿಯದೆ ನಿಂತರೆ ಸರಿ. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ: ಡೈನಮೋ ಬದಿಯ ಸೀಲು, ಸಿಲಿಂಡರ್ ತಳದ ಗ್ಯಾಸ್ಕೆಟ್, ಕೇಸಿನ ಜೋಡಣೆ, ಈ ಕ್ರಮದಲ್ಲಿ. ಕ್ಲಚ್ ಬದಿಯ ಸೀಲು ಹೊರಗೆ ಕಾಣುವುದಿಲ್ಲ. ಗೇರ್ ಆಯಿಲ್ ತುಂಬುವ ಬಿರಡೆ ತೆಗೆದು ಅಲ್ಲಿ ಸೋಪಿನ ಪೊರೆ ಹಚ್ಚಿದರೆ ಅದು ಉಬ್ಬುತ್ತದೆ. ಈ ಪರೀಕ್ಷೆ ಮುಗಿಯದೆ ಕಿಕ್ ಹೊಡೆಯಬೇಡಿ. ಸೋರುವ ಸೀಲಿನಿಂದ ಗಾಳಿ ಎಳೆದುಕೊಂಡರೆ ಮಿಶ್ರಣ ತೆಳುವಾಗಿ, ಹೊಸ ಪಿಸ್ಟನ್ ಮೊದಲ ಓಟದಲ್ಲೇ ಬೋರಿಗೆ ಹಿಡಿದು ನಿಲ್ಲುತ್ತದೆ.