ಮಹಾಪಂದ್ಯದ ದಿನವೋ, ಜೂನ್ ತಿಂಗಳೋ?

ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಆಟಗಾರನೊಬ್ಬನನ್ನು ಮಿಶಿಗನ್ ವಿಶ್ವವಿದ್ಯಾಲಯದ ತಂಡ ತನ್ನಲ್ಲಿ ಸೇರಲು ಕರೆದಿದ್ದರೆ, ಅವನ ಮನೆಯವರ ಮುಂದೆ ಎರಡು ದಾರಿಗಳಿರುತ್ತವೆ: ನವೆಂಬರ್ ಕೊನೆಯಲ್ಲಿ ಬದ್ಧವೈರಿ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ವಿರುದ್ಧ ನಡೆಯುವ ಪಂದ್ಯಕ್ಕೆ ಸ್ವಂತ ಖರ್ಚಿನಲ್ಲಿ ಹೋಗುವುದು, ಇಲ್ಲವೇ ಜೂನ್‌ನಲ್ಲಿ ಅಧಿಕೃತ ಭೇಟಿ ನೀಡುವುದು.

ಪಂದ್ಯದ ದಿನದ ಸೆಳೆತ ದೊಡ್ಡದು. 1,07,601 ಆಸನಗಳ ಕ್ರೀಡಾಂಗಣ ತುಂಬಿ, ಪಂದ್ಯಕ್ಕೆ ಮುನ್ನ ಮೈದಾನದ ಅಂಚಿನಲ್ಲಿ ನಿಂತ ಹುಡುಗನಿಗೆ ವಾದ್ಯವೃಂದದ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸದಂತಾದಾಗ, ಇಲ್ಲಿ ಆಡುವುದೆಂದರೇನು ಎಂಬುದು ತಾನಾಗಿ ತಿಳಿಯುತ್ತದೆ. ಟಿಕೆಟುಗಳನ್ನು ಕಾಲೇಜು ಉಚಿತವಾಗಿ ಕೊಡಬಹುದು. ಆದರೆ ವರ್ಷದ ಅತಿ ಮುಖ್ಯ ಪಂದ್ಯದಂದು ತರಬೇತುದಾರರಿಂದ ಕೈಕುಲುಕುವುದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಲಾಗದು. ಪಂದ್ಯ ಮಿಶಿಗನ್ ತಂಡದ ಊರಾದ ಆನ್ ಆರ್ಬರ್‌ನಲ್ಲಿ ನಡೆಯುವುದು ಬೆಸ ವರ್ಷಗಳಲ್ಲಿ ಮಾತ್ರ.

ಅಧಿಕೃತ ಭೇಟಿಯಲ್ಲಿ ಪ್ರಯಾಣ, ವಸತಿ, ಊಟದ ವೆಚ್ಚ ಕಾಲೇಜಿನದು. ಉಳಿಯಲು ಎರಡು ರಾತ್ರಿಗಳ ಮಿತಿ. ಖಾಲಿ ಮೈದಾನ ಮನಸ್ಸನ್ನು ಕುಣಿಸದಿದ್ದರೂ, ತನ್ನ ಸ್ಥಾನಕ್ಕೆ ಪೈಪೋಟಿ ಎಷ್ಟಿದೆ, ಓದಿಗೆ ಯಾವ ನೆರವು ಸಿಗುತ್ತದೆ ಎಂದು ಕುಳಿತು ಕೇಳಲು ಸಮಯವಿರುತ್ತದೆ. ತಂದೆತಾಯಿಗಳು ಇದನ್ನೇ ಮೆಚ್ಚುವುದು ಸಹಜ.

ಆಟಗಾರರು ಯಾವ ಕಾಲೇಜು ಸೇರುತ್ತೇವೆಂದು ಒಪ್ಪಂದಕ್ಕೆ ಸಹಿ ಹಾಕುವ ಮುಂಗಡ ಸಹಿಯ ಅವಧಿ ಈಗ ಡಿಸೆಂಬರ್ ಮೊದಲ ವಾರದಲ್ಲಿ, ಅಂದರೆ ಈ ಪಂದ್ಯದ ಬೆನ್ನಿಗೇ ಬರುವುದರಿಂದ, ಹೈಸ್ಕೂಲಿನ ಕೊನೆಯ ವರ್ಷದ ವಿದ್ಯಾರ್ಥಿ ಅಷ್ಟರೊಳಗೆ ಜೂನ್ ಭೇಟಿಯನ್ನು ಮುಗಿಸಿರಲೇಬೇಕು. ಅವನಿಗಿಂತ ಒಂದು ವರ್ಷ ಕಿರಿಯನಾದವನು ಮೊದಲು ಪಂದ್ಯ ನೋಡಿ, ಮುಂದಿನ ಜೂನ್‌ನಲ್ಲಿ ಪ್ರಶ್ನೆಗಳೊಂದಿಗೆ ಮರಳುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಸರಿ.