ದುರ್ಗಿಗುಡಿಯ ಆನ್‌ಲೈನ್ ಅರ್ಜಿ ಅಂಗಡಿ: ಸ್ಕಾಲರ್‌ಶಿಪ್ ಹಾಕುವವರು ಇಲ್ಲಿಗೇ ಹೋಗಿ

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯಿಂದ ಬಂದು ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ಮಕ್ಕಳಿಗೆ ಈ ಅಂಗಡಿ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ದುರ್ಗಿಗುಡಿಯ ಒಂದು ಕ್ರಾಸ್‌ನಲ್ಲಿದೆ. ಹೆಸರಿನ ಬೋರ್ಡ್ ಇಲ್ಲ. ಶಟರ್ ಪಕ್ಕದ ಗೋಡೆ ಮೇಲೆ "ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ" ಅಂತ ಬರೆಸಿದ್ದಾರೆ, ಅಷ್ಟೇ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್. ನಡೆಸುವವರನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಾರೆ.

ನಾವು ಹೊಸನಗರದ ಕಡೆಯವರು. ಅಪ್ಪ ತೋಟದ ಕೂಲಿಗೆ ಹೋಗುತ್ತಾರೆ, ಅಮ್ಮ ಸುಗ್ಗಿಯಲ್ಲಿ ಅಡಿಕೆ ಸುಲಿಯುತ್ತಾರೆ. ನಾನು ಪಿಯುಸಿಗೇ ನಿಲ್ಲಿಸಿ ಗಾರ್ಮೆಂಟ್ಸ್ ಸೇರಿದೆ. ತಂಗಿ ಇಲ್ಲೇ ಬಿ.ಎಸ್ಸಿ. ಓದುತ್ತಿದ್ದಾಳೆ. ಅವಳಿಗೆ ಹಾಸ್ಟೆಲ್ ಸೀಟ್ ಸಿಗಲಿಲ್ಲ. ಹಾಗೆ ಸೀಟ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ಅಂತ ವಿದ್ಯಾಸಿರಿ ಇದೆ ಅಲ್ವಾ, ಅದಕ್ಕೆ ಮೊದಲ ವರ್ಷ ಊರಿನ ಹತ್ತಿರವೇ ಒಂದು ಅಂಗಡಿಯಲ್ಲಿ ಅರ್ಜಿ ಹಾಕಿಸಿದ್ದೆವು. ಆಗ ತಿಂಗಳಿಗೆ 1,500 ರೂಪಾಯಿ, 10 ತಿಂಗಳಿಗೆ ಒಟ್ಟು 15,000. ನಮ್ಮಂಥ ಮನೆಗೆ ಅದು ರೂಮಿನ ಬಾಡಿಗೆ.

ವರ್ಷ ಮುಗಿದರೂ ದುಡ್ಡು ಬರಲಿಲ್ಲ. ಬ್ಯಾಂಕಿಗೆ ಹೋಗಿ ಮೂರು ಸಲ ಪಾಸ್‌ಬುಕ್ ಎಂಟ್ರಿ ಮಾಡಿಸಿದೆವು, ಏನೂ ಇಲ್ಲ. ಅರ್ಜಿ ಹಾಕಿದ ಅಂಗಡಿಯಲ್ಲಿ ಕೇಳಿದರೆ "ರಿಜೆಕ್ಟ್ ಆಗಿರುತ್ತೆ, ಮತ್ತೆ ಹಾಕಬೇಕು" ಅಂತ ಇನ್ನೂ 300 ರೂಪಾಯಿ ತೆಗೆದುಕೊಂಡರು. ಲಾಗಿನ್ ಐಡಿ ಕೇಳಿದರೆ ಕೊಡಲಿಲ್ಲ. ಅವರ ಫೋನ್ ನಂಬರ್ ಹಾಕಿಯೇ ರಿಜಿಸ್ಟರ್ ಮಾಡಿದ್ದರು. ತಂಗಿ ಅಳುತ್ತಾ "ಕಾಲೇಜು ಬಿಡ್ತೀನಿ ಅಕ್ಕ" ಅಂದ ದಿನ ನನಗೆ ನಿದ್ದೆ ಬರಲಿಲ್ಲ.

ದುರ್ಗಿಗುಡಿಯ ಅಂಗಡಿಯನ್ನು ಹೇಳಿದ್ದು ತಂಗಿಯ ರೂಮ್‌ಮೇಟ್. ನಾವು ಹೋದಾಗ ಅಕ್ಕ ಹೊಸ ಅರ್ಜಿ ಹಾಕೋಣ ಅನ್ನಲಿಲ್ಲ. "ಮೊದಲು ಹಳೇದು ಏನಾಗಿದೆ ನೋಡೋಣ" ಅಂದರು. ಅದಕ್ಕೆ ಆಧಾರ್ ಓಟಿಪಿ ಬೇಕು. ತಂಗಿಯ ಆಧಾರ್‌ಗೆ ಇರುವುದು ಅಪ್ಪನ ನಂಬರ್. ಅಪ್ಪ ಇರುವ ಕಡೆ ಸಿಗ್ನಲ್ ಇಲ್ಲ, ಓಟಿಪಿ ಹತ್ತು ನಿಮಿಷಕ್ಕೆ ಹೋಗಿಬಿಡುತ್ತದೆ. ಅಕ್ಕ ಒಂದು ಚೀಟಿಯಲ್ಲಿ "ನಾಳೆ 11 ಗಂಟೆ" ಅಂತ ಬರೆದುಕೊಟ್ಟು, "ಅಷ್ಟೊತ್ತಿಗೆ ಅಪ್ಪನ್ನ ಸಿಗ್ನಲ್ ಸಿಗೋ ಕಡೆ ನಿಲ್ಲೋಕೆ ಹೇಳಮ್ಮ" ಅಂದರು. ಮಾರನೇ ದಿನ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ಗುಡ್ಡದ ಮೇಲೆ ನಿಂತಿದ್ದರು. ಓದೋಕೆ ಅಷ್ಟು ಬರಲ್ಲ ಅವರಿಗೆ. ಒಂದೊಂದೇ ಅಂಕಿ ಜೋರಾಗಿ ಹೇಳಿದರು, ಅಕ್ಕ ಇಲ್ಲಿಂದ "ಸರಿ ಯಜಮಾನ್ರೇ, ಆಮೇಲೆ?" ಅಂತ ಕೇಳುತ್ತಾ ಬರೆದುಕೊಂಡರು. ಹೀಗೆ ಎರಡು ಸಲ. ಒಂದು ಸಲವೂ ಗೊಣಗಲಿಲ್ಲ.

ಸ್ಟೇಟಸ್ ನೋಡಿದರೆ ಅರ್ಜಿ ಮಂಜೂರಾಗಿ ಹಣವೂ ಜಮಾ ಆಗಿತ್ತು! ಎಲ್ಲಿಗೆ ಅಂತ ಆಧಾರ್ ವೆಬ್‌ಸೈಟ್‌ನಲ್ಲಿ ನೋಡಿದರು. ತಂಗಿಯ ಆಧಾರ್ ಜೋಡಣೆಯಾಗಿದ್ದು ನಾವು ಪಾಸ್‌ಬುಕ್ ಹಿಡಿದು ಓಡಾಡಿದ ಬ್ಯಾಂಕಿಗಲ್ಲ, ಅಂಚೆ ಪೇಮೆಂಟ್ಸ್ ಬ್ಯಾಂಕಿಗೆ. ಅವಳು ಪಿಯುಸಿಯಲ್ಲಿದ್ದಾಗ ಪೋಸ್ಟ್‌ಮ್ಯಾನ್ ಅಣ್ಣ ಮನೆಗೆ ಬಂದು ಬೆರಳು ಒತ್ತಿಸಿಕೊಂಡು ಒಂದು ಖಾತೆ ಮಾಡಿಕೊಟ್ಟಿದ್ದರು. ನಾವು ಅದನ್ನು ಮರೆತೇ ಹೋಗಿದ್ದೆವು. ಆ ಖಾತೆಯ ಕಾರ್ಡು ಅಮ್ಮನ ಟ್ರಂಕಿನಲ್ಲಿ ಪಡಿತರ ಚೀಟಿ ಜೊತೆ ಪ್ಲಾಸ್ಟಿಕ್ ಕವರಿನೊಳಗೆ ಸಿಕ್ಕಿತು. ಊರಿನ ಪೋಸ್ಟ್ ಆಫೀಸಿನಲ್ಲಿ ಬೆರಳು ಒತ್ತಿ ಮೊದಲ ದಿನ 10,000, ಮರುದಿನ 5,000 ತೆಗೆದೆವು. ಅಮ್ಮ ನೋಟುಗಳನ್ನು ಎರಡು ಸಲ ಎಣಿಸಿ ಮತ್ತೆ ತಂಗಿಯ ಕೈಗೇ ಕೊಟ್ಟರು.

ಇದನ್ನು ಎಲ್ಲರೂ ಗಮನಿಸಿ. ಅರ್ಜಿಯಲ್ಲಿ ಯಾವ ಪಾಸ್‌ಬುಕ್ ತೋರಿಸಿದ್ದೀರಿ ಅನ್ನುವುದು ಮುಖ್ಯ ಅಲ್ಲ. ನೇರ ವರ್ಗಾವಣೆಯ ಹಣ ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಬ್ಯಾಂಕಿನಲ್ಲಿ ಆಧಾರ್ ಜೆರಾಕ್ಸ್ ಕೊಟ್ಟು ಬಂದರೆ ಸಾಲದು, ಎನ್‌ಪಿಸಿಐ ಜೋಡಣೆ (ಸರ್ಕಾರದ ದುಡ್ಡು ಯಾವ ಖಾತೆಗೆ ಹೋಗಬೇಕು ಅಂತ ತೋರಿಸುವುದು ಅದೇ) ಆಗಿದೆಯಾ ಅಂತ ಬಾಯಿಬಿಟ್ಟು ಕೇಳಬೇಕು. ಎಷ್ಟು ಮಕ್ಕಳ ದುಡ್ಡು ಹೀಗೆ ಮರೆತ ಖಾತೆಗಳಲ್ಲಿ ಸುಮ್ನೆ ಬಿದ್ದಿದೆಯೋ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಎರಡನೇ ವರ್ಷದ ಅರ್ಜಿಯನ್ನು ಇಲ್ಲೇ ಹಾಕಿಸಿದೆವು. ಅಕ್ಕ ಕೀಬೋರ್ಡನ್ನು ತಂಗಿಯ ಕಡೆ ತಿರುಗಿಸಿ "ಅರ್ಜಿ ನಿಂದು, ನೀನೇ ಟೈಪ್ ಮಾಡು, ನಾನು ಪಕ್ಕದಲ್ಲಿ ಇರ್ತೀನಿ" ಅಂದರು. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಅದೇ. ಐಡಿ, ಪಾಸ್‌ವರ್ಡ್ ಎರಡನ್ನೂ ಅವಳ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಅವಳ ಕೈಯಲ್ಲೇ ಬರೆಸಿದರು. ಜಾತಿ ಆದಾಯ ಪತ್ರದ ಮೇಲಿರುವ ಆರ್‌ಡಿ ನಂಬರ್ (RD ಅಂತ ಶುರುವಾಗುವ ನಂಬರ್) ಹಾಕುವ ಮೊದಲು ಪತ್ರದಲ್ಲಿರುವ ಹೆಸರು, ಆಧಾರ್ ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು ಮೂರನ್ನೂ ಅಕ್ಷರ ಅಕ್ಷರ ಹೋಲಿಸಿ ನೋಡಿದರು. ಪತ್ರದ 5 ವರ್ಷದ ಅವಧಿ ಯಾವಾಗ ಮುಗಿಯುತ್ತದೆ ಅಂತಲೂ ನೋಡಿ, ಮುಗಿಯುವ ಮೊದಲೇ ನಾಡಕಚೇರಿಗೆ ಹೋಗಿ ಹೊಸದು ಮಾಡಿಸಿಕೊಳ್ಳಿ ಅಂತ ಹೇಳಿ ಕಳಿಸಿದರು. ಇಷ್ಟಕ್ಕೆಲ್ಲ ತೆಗೆದುಕೊಂಡಿದ್ದು 50 ರೂಪಾಯಿ, ಪ್ರಿಂಟ್ ಸೇರಿ. ಹಳೇ ಅರ್ಜಿ ಹುಡುಕಿಕೊಟ್ಟಿದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ.

ರೈತರ ಮಕ್ಕಳಿಗೆ ಕೊಡುವ ಸ್ಕಾಲರ್‌ಶಿಪ್ ರೈತ ವಿದ್ಯಾನಿಧಿ ಬಗ್ಗೆ ನಮಗೆ ಗೊತ್ತೇ ಇರಲಿಲ್ಲ, ಅದನ್ನೂ ಅವರೇ ಕೇಳಿದರು. 2021ರಲ್ಲಿ ಶುರುವಾದಾಗ ಡಿಗ್ರಿ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ಅಂತ ಇಟ್ಟಿದ್ದರು. ನಮಗೆ 20 ಗುಂಟೆ ತೋಟ ಇದೆ, ಆದರೆ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಹಾಗಾಗಿ ಅಪ್ಪನಿಗೆ ಫ್ರೂಟ್ಸ್ ಐಡಿ, ಅಂದರೆ ಇದಕ್ಕೆ ಬೇಕಾದ ರೈತರ ನೋಂದಣಿ ನಂಬರ್, ಆಗಿಲ್ಲ. ಮಲೆನಾಡಿನಲ್ಲಿ ಹೀಗಿರುವ ಮನೆಗಳು ಜಾಸ್ತಿ. "ಪೌತಿ ಖಾತೆ ಮಾಡಿಸಿ, ಜಮೀನು ನಿಮ್ಮ ಹೆಸರಿಗೆ ಬರಲಿ, ಇದೊಂದಕ್ಕೇ ಅಲ್ಲ, ಎಲ್ಲದಕ್ಕೂ ಬೇಕಾಗುತ್ತೆ" ಅಂತ ಅಕ್ಕ ಅಪ್ಪನಿಗೆ ಫೋನಿನಲ್ಲೇ ತಿಳಿಸಿ ಹೇಳಿದರು.

ಕೊರತೆ ಇಲ್ಲ ಅಂತಲ್ಲ. ಭಾನುವಾರ ರಜೆ, ನನ್ನಂಥವರಿಗೆ ಇದು ಕಷ್ಟ, ಎರಡು ದಿನ ಅರ್ಧರ್ಧ ಸಂಬಳ ಹೋಯಿತು. ಕೂರೋಕೆ ಎರಡೇ ಸ್ಟೂಲ್. ಕರೆಂಟ್ ಹೋದರೆ ಕಾಯಬೇಕು. ಅರ್ಜಿ ಹಾಕುವ ಕೊನೆ ವಾರ ರಸ್ತೆವರೆಗೂ ಕ್ಯೂ ಇರುತ್ತದೆ, ಒಬ್ಬೊಬ್ಬರಿಗೆ ಅಷ್ಟು ಹೊತ್ತು ಕೊಡುವುದರಿಂದ ಸಾಲು ಸರಿಯುವುದೇ ಇಲ್ಲ. ಕೊನೇ ದಿನಾಂಕ ಮುಂದೆ ಹಾಕ್ತಾರೆ ಅಂತ ಕಾಯಬೇಡಿ, ಅರ್ಜಿ ಶುರುವಾದ ವಾರವೇ ಬೆಳಗ್ಗೆ ಹೋಗಿ.

ನಿಮ್ಮ ಮತ್ತು ಅಪ್ಪ ಅಮ್ಮನ ಆಧಾರ್, ಪಡಿತರ ಚೀಟಿ, ಆರ್‌ಡಿ ನಂಬರ್ ಇರುವ ಜಾತಿ ಆದಾಯ ಪತ್ರ, ಅಂಕಪಟ್ಟಿ, ಕಾಲೇಜಿನ ಫೀ ರಸೀದಿ, ರಿಜಿಸ್ಟರ್ ನಂಬರ್ ತಗೊಂಡು ಹೋಗಿ. ಆಧಾರ್‌ಗೆ ಜೋಡಿಸಿದ ಫೋನ್ ಊರಿನಲ್ಲಿದ್ದರೆ, ಯಾರು ಎಷ್ಟು ಗಂಟೆಗೆ ಗುಡ್ಡ ಹತ್ತಬೇಕು ಅಂತ ಹಿಂದಿನ ದಿನವೇ ಮಾತಾಡಿಕೊಳ್ಳಿ.